ಯಾರ ಸ್ವಇಚ್ಛೆ?

ಕರ್ನಾಟಕದ ಕೊಲೆ ಪ್ರಕರಣಗಳ ಕಡತಗಳಲ್ಲಿ ‘ಸ್ವಇಚ್ಛಾ ಹೇಳಿಕೆ’ ಎಂಬ ಕಾಗದ ಸರ್ವೇಸಾಮಾನ್ಯ. ವಕೀಲರಿಲ್ಲದ ಠಾಣೆಯಲ್ಲಿ, ಪೊಲೀಸರ ವಶದಲ್ಲಿರುವ ಮನುಷ್ಯ ತನ್ನನ್ನು ಗಲ್ಲಿಗೆ ಒಯ್ಯಬಲ್ಲ ಮಾತುಗಳನ್ನು ಸ್ವಂತ ಇಚ್ಛೆಯಿಂದ ನುಡಿದನೆಂದು ಅದು ಸಾರುತ್ತದೆ. ಬಳಿಕ ಸ್ಥಳ ಮಹಜರು: ಎಲ್ಲಿಂದ ಬಂದೆ, ಹೇಗೆ ಇರಿದೆ, ಹೆಣವನ್ನು ಎತ್ತ ಎಳೆದೆ ಎಂದು ಅವನಿಂದ ಅಭಿನಯ ಮಾಡಿಸಲಾಗುತ್ತದೆ. ಆ ದೃಶ್ಯ ಸುದ್ದಿವಾಹಿನಿಗಳನ್ನು ತಲುಪಿತೆಂದರೆ, ವಿಚಾರಣೆ ಆರಂಭವಾಗುವ ಮೊದಲೇ ತೀರ್ಪು ಹೊರಬಿದ್ದಂತೆ.

ಕಾನೂನಿನ ಅಕ್ಷರ ಬೇರೆಯೇ ಇದೆ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಹೇಳಿತ್ತು. ವಸಾಹತು ಸರ್ಕಾರಕ್ಕೇ ತನ್ನ ಪೊಲೀಸರ ಮೇಲೆ ನಂಬಿಕೆ ಇರಲಿಲ್ಲ. ಆದರೆ 27ನೇ ಕಲಂ ಹಿತ್ತಿಲ ಬಾಗಿಲನ್ನು ತೆರೆದಿಟ್ಟಿತು: ಹೇಳಿಕೆಯಿಂದ ಸಂಗತಿಯೊಂದು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಸಲ್ಲುತ್ತದೆ. 1947ರ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಇದರ ಗಡಿಯನ್ನು ಗುರುತಿಸಿತು. ಚೂರಿಯನ್ನು ಸೂರಿನಲ್ಲಿ ಬಚ್ಚಿಟ್ಟಿದ್ದೇನೆ ಎಂಬ ಮಾತು ಸಲ್ಲುತ್ತದೆ. ಅದರಿಂದಲೇ ಇರಿದೆ ಎಂಬುದು ಸಲ್ಲದು.

ಈ ಗಡಿ ದಿನನಿತ್ಯ ದಾಟಲ್ಪಡುತ್ತಿದೆ. 2022ರಲ್ಲಿ ಕರ್ನಾಟಕದ ಕೊಲೆ ಪ್ರಕರಣವೊಂದರಲ್ಲಿ, ಪೊಲೀಸರು ಚಿತ್ರೀಕರಿಸಿದ್ದ ಆರೋಪಿಗಳ ಹೇಳಿಕೆಗಳು ಖಾಸಗಿ ವಾಹಿನಿಯಲ್ಲಿ ಪ್ರಸಾರವಾಗಿದ್ದನ್ನು ಸುಪ್ರೀಂ ಕೋರ್ಟ್ ಕಂಡಿತು. ಇದು ನ್ಯಾಯದಾನದಲ್ಲಿ ನೇರ ಹಸ್ತಕ್ಷೇಪ ಎಂದಿತು. ಪತ್ತೆಗೆ ಸಂಬಂಧಿಸಿದ ಭಾಗವನ್ನಷ್ಟೇ ಅಲ್ಲದೆ ಇಡೀ ಹೇಳಿಕೆಯನ್ನೇ ದಾಖಲೆಗೆ ತುರುಕುವ ಚಾಳಿಯನ್ನೂ ಖಂಡಿಸಿತು. ನ್ಯಾಯಾಧೀಶರೂ ಮನುಷ್ಯರೇ. ಓದಿದ್ದನ್ನು ಓದಿಲ್ಲವೆಂದುಕೊಳ್ಳುವುದು ಯಾರಿಗೂ ಸುಲಭವಲ್ಲ.

ಇನ್ನೊಂದು ದಾರಿ ‘ನಡತೆ’ಯದು. ಆರೋಪಿಯ ಮಾತು ಸಲ್ಲದಿದ್ದರೂ ಅವನು ಹೆಣ ಹೂತ ಜಾಗವನ್ನು ತೋರಿಸಿದ್ದು ನಡತೆಯಾಗಿ ಸಲ್ಲುತ್ತದೆ ಎಂದು ಎ.ಎನ್. ವೆಂಕಟೇಶ್ ಪ್ರಕರಣದಲ್ಲಿ (2005) ಅದೇ ನ್ಯಾಯಾಲಯ ಹೇಳಿತ್ತು. ಆದರೆ ಲಾಠಿಯ ನೆರಳಿನಲ್ಲಿ ಎತ್ತಿದ ಬೆರಳು ಮಾತಲ್ಲದೆ ಮತ್ತೇನು? ನಾಲಗೆಗೆ ಸಂವಿಧಾನದ 20(3)ನೇ ವಿಧಿಯ ರಕ್ಷಣೆ, ಬೆರಳಿಗೆ ಇಲ್ಲ ಎಂಬುದು ತರ್ಕವಲ್ಲ, ಜಾಣಕುರುಡು. 2022ರ ಸುಬ್ರಮಣ್ಯ ಪ್ರಕರಣದಲ್ಲಿ, ನಡತೆಯೊಂದನ್ನೇ ನೆಚ್ಚಿ ಕೊಲೆಗೆ ಶಿಕ್ಷೆ ವಿಧಿಸಲಾಗದೆಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಆದರೂ ಬಾಗಿಲು ಮುಚ್ಚಿಲ್ಲ.

ವಸ್ತು ಸುಳ್ಳಾಡದು ಎಂಬುದು ಎದುರುವಾದ. ನಿಜ, ಚೂರಿ ಸುಳ್ಳಾಡುವುದಿಲ್ಲ. ಆದರೆ ಆ ಚೂರಿಯನ್ನು ಆರೋಪಿಗೆ ಕಟ್ಟಿಹಾಕುವುದು ಪೊಲೀಸರು ಬರೆದ ವಾಕ್ಯ ಮತ್ತು ತೋರಿಸಿದಲ್ಲಿ ರುಜು ಹಾಕುವ ಪಂಚರು. ಹೊಡೆತಕ್ಕೆ ಫಲ ಸಿಗುವವರೆಗೆ ಹೊಡೆತ ನಿಲ್ಲದು.

ಮರುಸೃಷ್ಟಿಯ ತುದಿ ಎಲ್ಲಿಗೆ ಮುಟ್ಟಬಲ್ಲದೆಂಬುದನ್ನು ಹೈದರಾಬಾದ್ ತೋರಿಸಿದೆ. 2019ರ ಡಿಸೆಂಬರ್ 6ರ ನಸುಕಿನಲ್ಲಿ, ಅತ್ಯಾಚಾರ ಮತ್ತು ಕೊಲೆಯ ನಾಲ್ವರು ಆರೋಪಿಗಳನ್ನು ಕೃತ್ಯದ ಸ್ಥಳದ ಬಳಿಗೆ ಒಯ್ದ ಪೊಲೀಸರು ಅವರನ್ನು ಗುಂಡಿಟ್ಟು ಕೊಂದರು. ಜನ ಪೊಲೀಸರ ಮೇಲೆ ಹೂ ಎರಚಿದರು. ಪೊಲೀಸರ ಕಥನ ನಂಬಲರ್ಹವಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿದೆ ಎಂದು ಸಿರ್‌ಪುರ್‌ಕರ್ ಆಯೋಗ ವರದಿ ಕೊಡುವಾಗ ಹೂಗಳು ಬಾಡಿದ್ದವು.

ವಸಾಹತು ಕಾನೂನುಗಳ ಅಂತ್ಯವೆಂದು ಘೋಷಿಸಿ 2024ರ ಜುಲೈ 1ರಂದು ಜಾರಿಗೆ ತಂದ ಭಾರತೀಯ ಸಾಕ್ಷ್ಯ ಅಧಿನಿಯಮ, ಹಳೆಯ 27ನೇ ಕಲಮನ್ನು 23ನೇ ಕಲಮಿನ ಪರಂತುಕವಾಗಿ ಉಳಿಸಿಕೊಂಡಿದೆ. ಜಪ್ತಿಯ ಚಿತ್ರೀಕರಣ ಈಗ ಕಡ್ಡಾಯ. ಕ್ಯಾಮೆರಾ ಸೂರಿನಿಂದ ಚೂರಿ ತೆಗೆಯುವುದನ್ನು ನೋಡುತ್ತದೆ. ಅದರ ಹಿಂದಿನ ರಾತ್ರಿಯನ್ನು ನೋಡುವುದಿಲ್ಲ. ಚಿತ್ರಹಿಂಸೆ ವಿರೋಧಿ ಅಂತರರಾಷ್ಟ್ರೀಯ ಒಡಂಬಡಿಕೆಗೆ 1997ರಲ್ಲೇ ಸಹಿ ಹಾಕಿದ ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ.

ಬ್ರಿಟನ್ನಿನಲ್ಲಿ ಬಂಧಿತನಿಗೆ ಠಾಣೆಯಲ್ಲೇ ವಕೀಲರ ನೆರವು ಸಿಗುತ್ತದೆ. ತಪ್ಪೊಪ್ಪಿಗೆ ದಬ್ಬಾಳಿಕೆಯಿಂದ ಬಂದುದೆಂಬ ಆಕ್ಷೇಪ ಎದ್ದರೆ, ಹಾಗಲ್ಲವೆಂದು ಸಾಬೀತುಪಡಿಸುವ ಹೊರೆ ಪ್ರಾಸಿಕ್ಯೂಷನ್‌ನದು. ಆ ಸಮಾಜ ಹುಟ್ಟಿನಿಂದ ಉದಾರವಾಗಿರಲಿಲ್ಲ. ಅಲ್ಲೂ ಬರ್ಮಿಂಗ್‌ಹ್ಯಾಮ್‌ನ ಆರು ಮಂದಿ, ಹೊಡೆದು ಪಡೆದ ತಪ್ಪೊಪ್ಪಿಗೆಗಳ ಹೊರೆ ಹೊತ್ತು, 1991ರವರೆಗೆ ಸೆರೆಯಲ್ಲಿ ಕೊಳೆತರು. ಇಂಥ ರಕ್ಷಣೆಯ ನೆರಳಿನಲ್ಲಿ ಬದುಕುತ್ತಾ, ತವರಿನ ಮಹಜರಿನ ವಿಡಿಯೊಗಳನ್ನು ಮೆಚ್ಚುಗೆಯಿಂದ ಹಂಚುವ ಹೊರನಾಡ ಕನ್ನಡಿಗ, ತನಗೆ ಹಕ್ಕೆನಿಸಿದ್ದನ್ನು ತನ್ನೂರಿನ ಬಡವನಿಗೆ ನಿರಾಕರಿಸುತ್ತಿದ್ದಾನೆ.

ಬೇಕಾದದ್ದು ಇಷ್ಟು: ಆರೋಪಿಯ ವಕೀಲರಿಲ್ಲದೆ ಹೇಳಿಕೆಯೂ ಬೇಡ, ಮಹಜರೂ ಬೇಡ. ಬಂಧನದ ಮೊದಲ ಗಳಿಗೆಯಿಂದ ಅಖಂಡ ಚಿತ್ರೀಕರಣವಿಲ್ಲದ ಪತ್ತೆಗೆ ನ್ಯಾಯಾಲಯದಲ್ಲಿ ಬೆಲೆ ಬೇಡ. ಮರುಅಭಿನಯವನ್ನು ಪೂರ್ತಿ ಕೈಬಿಡಬೇಕು. ಕೊಲೆಯಾದವರಿಗೆ ನ್ಯಾಯ ಸಲ್ಲಬೇಕಾದರೆ ನಿಜವಾದ ಕೊಲೆಗಾರ ಸಿಗಬೇಕು. ಹೊಡೆತ ತಾಳಲಾರದೆ ಒಪ್ಪಿಕೊಂಡವನು ಜೈಲಿಗೆ ಹೋದರೆ, ಕೊಂದವನು ಹೊರಗೇ ಉಳಿಯುತ್ತಾನೆ.