ಪೈಲಟ್ ಬರೆದದ್ದು, ಎಂಜಿನಿಯರ್ ಓದಿದ್ದು

ವಿಮಾನದ ಟೆಕ್ನಿಕಲ್ ಲಾಗ್ ಪುಸ್ತಕದಲ್ಲಿ ಎದುರುಬದುರಾಗಿ ಎರಡು ಬರಹಗಳಿರುತ್ತವೆ. ಹಾರಾಟದಲ್ಲಿ ಕಂಡ ದೋಷವನ್ನು, ವಿಮಾನದವರ ಮಾತಿನಲ್ಲಿ ‘ಸ್ನ್ಯಾಗ್’ ಅನ್ನು, ಪೈಲಟ್ ಬರೆಯುತ್ತಾನೆ. ಅದಕ್ಕೆ ತಾನು ಮಾಡಿದ್ದೇನೆಂದು ಲೈಸೆನ್ಸ್ ಇರುವ ಎಂಜಿನಿಯರ್ ಬರೆದು ಸಹಿ ಹಾಕುತ್ತಾನೆ. ತಕ್ಷಣ ಸರಿಪಡಿಸಲಾಗದ ದೋಷವನ್ನು ಕನಿಷ್ಠ ಸಲಕರಣೆಗಳ ಪಟ್ಟಿ ಒಪ್ಪಿದಷ್ಟು ದಿನ ಮುಂದೂಡಬಹುದು: ‘ಬಿ’ ವರ್ಗಕ್ಕೆ 3 ದಿನ, ‘ಸಿ’ಗೆ 10, ‘ಡಿ’ಗೆ 120. ಕಾಗದದ ಮೇಲೆ ಎಲ್ಲವೂ ಅಚ್ಚುಕಟ್ಟು. ಆದರೆ ಹಾರಿಸಿದವನಿಗೆ ತಿಳಿದದ್ದೆಲ್ಲ ರಿಪೇರಿ ಮಾಡುವವನಿಗೆ ತಲುಪುತ್ತದೆಯೇ?

ಗುಂಡ್ಲುಪೇಟೆಯ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಈ ಕಷ್ಟ ಕಡಿಮೆ. ಬಂಡೀಪುರ ದಾಟಿ ಊಟಿ ಘಾಟಿ ಹತ್ತಿಳಿದು ಬಂದ ಚಾಲಕ ‘ಬ್ರೇಕು ಒಂದ್ಕಡ್ಗ ಎಳೀತದ’ ಎಂದರೆ, ‘ಇಳಿಜಾರ್ಲಾ, ಸಮದಲ್ಲೂವಾ?’ ಎಂದು ಮೆಕ್ಯಾನಿಕ್ ಅಲ್ಲೇ ಕೇಳಬಹುದು, ಬಸ್ಸನ್ನು ಒಂದು ಸುತ್ತು ಓಡಿಸಿಯೂ ನೋಡಬಹುದು. ಅರೆಬರೆ ದೂರು ಆ ಮರುಪ್ರಶ್ನೆಯಿಂದ ಪೂರ್ತಿಯಾಗುತ್ತದೆ. ವಿಮಾನದಲ್ಲಿ ಆ ಅವಕಾಶ ಇಲ್ಲವೆನ್ನುವಷ್ಟು ಕಡಿಮೆ. ರಾತ್ರಿ ಇಳಿದ ಪೈಲಟ್ ಹೋಟೆಲ್ ಸೇರಿರುತ್ತಾನೆ, ಎಂಜಿನಿಯರ್ ಮುಂದೆ ಉಳಿಯುವುದು ಬರಹ ಮಾತ್ರ. ಮೈಸೂರಿನ ಮಂಡಕಳ್ಳಿಯಂಥ ಸಣ್ಣ ನಿಲ್ದಾಣದಲ್ಲಿ ವಿಮಾನ ಇಳಿದು ಮತ್ತೆ ಏರುವ ನಡುವಿನ ಹೊತ್ತೂ ಸ್ವಲ್ಪವೇ.

ಬರಹ ಅರೆಬರೆಯಾದರೆ ಏನಾಗುತ್ತದೆಂಬುದು 2018ರಲ್ಲಿ ಇಂಡೋನೇಷ್ಯಾದಲ್ಲಿ ಕಂಡಿತು. ಅಕ್ಟೋಬರ್ 28ರ ರಾತ್ರಿ ಲಯನ್ ಏರ್‌ನ ಬೋಯಿಂಗ್ 737 ಮ್ಯಾಕ್ಸ್ ಬಾಲಿಯಿಂದ ಜಕಾರ್ತಕ್ಕೆ ಬಂತು. ಹೊರಡುವ ಮುನ್ನ ಬದಲಿಸಿದ್ದ, ಎದುರು ಗಾಳಿಗೆ ವಿಮಾನದ ಕೋನ ಅಳೆಯುವ ಮಾಪಕವೊಂದು 21 ಡಿಗ್ರಿಯಷ್ಟು ತಪ್ಪು ತೋರುತ್ತಿತ್ತು. ಕ್ಯಾಪ್ಟನ್‌ನ ಹಿಡಿಕೆ ದಾರಿಯುದ್ದಕ್ಕೂ ಎಚ್ಚರಿಕೆಯ ನಡುಕ ಕೊಡುತ್ತಲೇ ಇತ್ತು. ಮೂತಿ ತಾನಾಗಿ ಕೆಳಗೆ ಬಾಗತೊಡಗಿದಾಗ ಪೈಲಟ್‌ಗಳು ಮೂತಿಯ ಏರಿಳಿತ ಹೊಂದಿಸುವ ಟ್ರಿಮ್ ಸ್ವಿಚ್‌ಗಳನ್ನು ಆರಿಸಿ ಕೈಯಿಂದಲೇ ನಿಭಾಯಿಸಿ ಇಳಿಸಿದರು. ಲಾಗ್‌ನಲ್ಲಿ ಬರೆದದ್ದು ವೇಗ ಮತ್ತು ಎತ್ತರದ ಅಂಕಿಗಳು ತಾಳೆಯಾಗಲಿಲ್ಲ, ಒಂದು ದೀಪ ಹತ್ತಿತು ಎಂದಷ್ಟೆ. ಹಿಡಿಕೆಯ ನಡುಕವೂ ಸ್ವಿಚ್ ಆರಿಸಿದ ಸಂಗತಿಯೂ ಅದರಲ್ಲಿ ಇರಲಿಲ್ಲ. ಎಂಜಿನಿಯರ್ ಬರೆದದ್ದಕ್ಕೆ ತಕ್ಕಂತೆ ಗಾಳಿಯ ಒತ್ತಡ ಅಳೆಯುವ ಕೊಳವೆಗಳನ್ನು ಶುಚಿಮಾಡಿ ವಿಮಾನವನ್ನು ಬಿಟ್ಟುಕೊಟ್ಟ. ಮರುದಿನ ಬೆಳಿಗ್ಗೆ ಅದು ಸಮುದ್ರಕ್ಕೆ ಬಿದ್ದು 189 ಜನ ಸತ್ತರು. ತನಿಖೆ ಹೆಸರಿಸಿದ ಒಂಬತ್ತು ಕಾರಣಗಳಲ್ಲಿ ವಿಮಾನದ ವಿನ್ಯಾಸವೂ ಇತ್ತು, ಲಾಗ್‌ನ ಈ ಮೌನವೂ ಇತ್ತು.

ಹಾಗೆಂದು ಮಾತಾಡಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ. 2005ರ ಆಗಸ್ಟ್ 14ರಂದು ಸೈಪ್ರಸ್‌ನಿಂದ ಹೊರಟ ಹೀಲಿಯೋಸ್ ವಿಮಾನದಲ್ಲಿ, ರಿಪೇರಿಯವರು ಪರೀಕ್ಷೆಗೆಂದು ‘ಮ್ಯಾನುಯಲ್’ಗೆ ತಿರುಗಿಸಿದ್ದ, ಕ್ಯಾಬಿನ್ ಗಾಳಿಯ ಒತ್ತಡದ ಸ್ವಿಚ್ ಹಾಗೆಯೇ ಉಳಿದಿತ್ತು. ಮೇಲೇರುವಾಗ ಕ್ಯಾಪ್ಟನ್ ರೇಡಿಯೋದಲ್ಲಿ ಎಂಜಿನಿಯರ್ ಜೊತೆಯೇ ಮಾತಾಡಿದ. ಎಂಜಿನಿಯರ್ ಒತ್ತಡದ ಸ್ವಿಚ್ ವಿಚಾರಿಸಿದ. ಕ್ಯಾಪ್ಟನ್ ಉಪಕರಣ ತಂಪುಮಾಡುವ ವ್ಯವಸ್ಥೆಯ ಬ್ರೇಕರ್‌ಗಳು ಎಲ್ಲಿವೆ ಎಂದು ಕೇಳಿದ. ಆಮ್ಲಜನಕ ಕಡಿಮೆಯಾದಂತೆ ಬುದ್ಧಿಯೂ ಮಂಕಾಗುತ್ತದೆಂಬುದು ಬೇರೆ. ಆದರೂ ಒಬ್ಬನ ಪ್ರಶ್ನೆಗೆ ಇನ್ನೊಬ್ಬನ ಉತ್ತರ ಸಿಗದೆ ಮಾತು ಮುಗಿಯಿತು. ಅಂದು 121 ಜನ ಸತ್ತರು.

ಹೀಗಾಗಿ ಪೈಲಟ್ ಮೊದಲು ಬರೆಯಬೇಕಾದದ್ದು ರೋಗದ ಹೆಸರನ್ನಲ್ಲ, ಕಂಡ ಲಕ್ಷಣವನ್ನು: ಯಾವ ಎತ್ತರ, ಯಾವ ವೇಗ, ಎಷ್ಟು ಹೊತ್ತು, ಆಗ ತಾನು ಮಾಡಿದ್ದೇನು. ಕೊನೆಯದೇ ಹೆಚ್ಚಾಗಿ ಬಿಟ್ಟುಹೋಗುವಂಥದು, ಏಕೆಂದರೆ ನಿಭಾಯಿಸಿದ್ದನ್ನು ದೋಷವೆಂದು ಎಣಿಸುವ ರೂಢಿ ಇಲ್ಲ. ಬರೆದರೆ ವಿಮಾನ ನಿಂತೀತು, ತಡವಾದೀತು ಎಂಬ ಅಳುಕೂ ಕೆಲವೆಡೆ ಕೈ ತಡೆಯುತ್ತದೆ; ಅದನ್ನು ಕಳೆಯಬೇಕಾದ ಹೊಣೆ ಪೈಲಟ್‌ಗಿಂತ ಸಂಸ್ಥೆಯದು.

ಎಂಜಿನಿಯರ್ ಕಡೆಯ ಬರಹಕ್ಕೂ ಇದೇ ಮಾತು ಸಲ್ಲುತ್ತದೆ. ಸಾವಿರಾರು ಅಡಿ ಮೇಲಿನ ಚಳಿಯಲ್ಲಿ, ಕಂಪನದಲ್ಲಿ ಕಾಣಿಸಿಕೊಂಡ ದೋಷ ನೆಲದ ಪರೀಕ್ಷೆಯಲ್ಲಿ ಅಡಗಿರಬಹುದು. ಬರೀ ‘ಪರೀಕ್ಷಿಸಿದೆ, ಸರಿಯಿದೆ’ ಎಂಬ ಸಾಲಿನಿಂದ ಮುಂದಿನ ಪೈಲಟ್‌ಗೆ ಹೆಚ್ಚೇನೂ ತಿಳಿಯುವುದಿಲ್ಲ. ಯಾವ ಪರೀಕ್ಷೆ ಮಾಡಿದೆ, ದೋಷ ಮರುಕಳಿಸಿತೇ ಇಲ್ಲವೇ ಎಂದು ಬರೆದರೆ ಅದೇ ಲಕ್ಷಣ ಮತ್ತೆ ಕಂಡಾಗ ಆತ ಹಳೆಯದರೊಂದಿಗೆ ಜೋಡಿಸಿ ನೋಡಬಲ್ಲ. ಈಗ ವಿಮಾನದ ಕಂಪ್ಯೂಟರೇ ಹಾರಾಟದ ನಡುವೆ ದೋಷದ ಸಂಕೇತಗಳನ್ನು ನೆಲಕ್ಕೆ ಕಳಿಸುತ್ತದೆ, ಬಿಡಿಭಾಗ ಮೊದಲೇ ಸಿದ್ಧವಾಗಿರಲು ಅದು ಉಪಯುಕ್ತ. ಕ್ಯಾಬಿನ್‌ನಲ್ಲಿ ಬಂದ ಸುಟ್ಟ ವಾಸನೆ, ಹಿಡಿಕೆ ಬಿಗಿಯಾದಂತೆ ಅನ್ನಿಸಿದ್ದು ಮಾತ್ರ ಆ ಸಂಕೇತಗಳಲ್ಲಿ ಇರುವುದಿಲ್ಲ. ಅವನ್ನು ಈಗಲೂ ಪೈಲಟ್ಟೇ ಬರೆಯಬೇಕು.