ಕತ್ತೆಕಿರುಬದ ಮೇಲೆ ನಾನೂ ಒಂದು ಸುಳ್ಳು ಕೇಸು ಹಾಕಿದ್ದೆ

ಎರಡು ವರ್ಷದ ಹಿಂದಿನ ಮಾತು. ಬೆಳಗ್ಗೆ ಆರಕ್ಕೇ ಫೋನ್ ಬಂತು. ಕಪ್ಪತಗುಡ್ಡದ ಸೆರಗಿನ ಒಂದು ಊರಲ್ಲಿ ರಾತ್ರಿ ಹಟ್ಟಿಗೆ ನುಗ್ಗಿ ಯಾವುದೋ ಪ್ರಾಣಿ ನಾಲ್ಕು ಕುರಿ ಕೊಂದಿತ್ತು. 'ಕತ್ತಿಕಿರುಬ ಬಂದಿತ್ರಿ' ಅಂದರು. ನಾನು ಸ್ಥಳಕ್ಕೆ ಹೋಗಲಿಲ್ಲ. ವಾಟ್ಸ್ಆ್ಯಪ್‌ಗೆ ಬಂದ ಫೋಟೊ ನೋಡಿ, 'ಕತ್ತೆಕಿರುಬ ದಾಳಿ: ನಾಲ್ಕು ಕುರಿ ಬಲಿ' ಎಂದು ಬರೆದು ಕಳಿಸಿದೆ. ಮರುದಿನ ಜಿಲ್ಲಾ ಪುಟದಲ್ಲಿ ಬಂತು.

ವಾರದ ಮೇಲೆ ಅದೇ ಊರಿಂದ ಮತ್ತೆ ಫೋನ್. ಹೊಲದ ಬದುವಿನಲ್ಲಿ ಉರುಳಿಗೆ ಬಿದ್ದು ಒಂದು ಕತ್ತೆಕಿರುಬ ಸತ್ತಿತ್ತು. ಈ ಸಲ ಹೋದೆ. ಫಾರೆಸ್ಟ್ ಗಾರ್ಡ್ ತಮ್ಮ ಮೊಬೈಲ್‌ನಲ್ಲಿದ್ದ ಹಳೇ ಫೋಟೊ ತೋರಿಸಿದರು. ಕುರಿ ಸತ್ತ ದಿನ ಹಟ್ಟಿಯ ಸುತ್ತ ಬಿದ್ದಿದ್ದವೆಲ್ಲ ನಾಯಿ ಹೆಜ್ಜೆ!

ಕುರಿ ಕಳಕೊಂಡ ಹಿರಿಯರನ್ನು ಕೇಳಿದೆ. ಅವರು ಮುಚ್ಚುಮರೆ ಮಾಡಲಿಲ್ಲ. 'ತಮ್ಮಾ, ನಾಯಿ ಕಡದಾವು ಅಂದ್ರ ರೊಕ್ಕ ಯಾರ್ ಕೊಡ್ತಾರ?'

ಅವರ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಕಾಡುಪ್ರಾಣಿ ಕುರಿ ಕೊಂದರೆ ಅರಣ್ಯ ಇಲಾಖೆಯಿಂದ ಪರಿಹಾರ ಉಂಟು. ಬೀದಿನಾಯಿ ಕೊಂದರೆ ಆ ಇಲಾಖೆ ಕೊಡುವುದಿಲ್ಲ. ಹಾಗಾಗಿ ಹೊಟ್ಟೆಪಾಡಿಗೆ ಕುರಿಗಾರರು ಕಿರುಬದ ಹೆಸರು ಹೇಳುತ್ತಾರೆ. ನಾವು ವರದಿಗಾರರು ನೋಡದೇ ಬರೆಯುತ್ತೇವೆ. ಊರು ಹೆದರಿ ಉರುಳು ಹಾಕುತ್ತದೆ. ಕೊನೆಗೆ ಸಾಯುವುದು ಕಿರುಬ.

ಇಷ್ಟಕ್ಕೂ ಈ ಪ್ರಾಣಿ ಎಂಥದು? ನೋಡಲು ನಾಯಿಯಂತಿದ್ದರೂ ಇದು ನಾಯಿ ಜಾತಿಯದಲ್ಲ. ಬೆಕ್ಕು, ಮುಂಗುಸಿಗಳಿಗೆ ಹತ್ತಿರದ ಸಂಬಂಧಿ. ನಮ್ಮ ದೇಶದಲ್ಲಿರುವುದು ಪಟ್ಟೆ ಕತ್ತೆಕಿರುಬ ಒಂದೇ. ಟಿವಿಯಲ್ಲಿ ಗುಂಪು ಕಟ್ಟಿ ಬೇಟೆಯಾಡುವ, ನಕ್ಕಂತೆ ಕೂಗುವ ಚುಕ್ಕೆ ಕಿರುಬ ಆಫ್ರಿಕಾದ್ದು. ನಮ್ಮದು ನಾಚಿಕೆಯ ಪ್ರಾಣಿ. ಹಗಲು ಗವಿಯಲ್ಲೋ ಬಂಡೆ ಸಂದಿಯಲ್ಲೋ ಮಲಗಿ, ಕತ್ತಲಾದ ಮೇಲೆ ಹೆಚ್ಚಾಗಿ ಒಂಟಿಯಾಗಿ ಆಹಾರ ಹುಡುಕುತ್ತದೆ. ಹೆದರಿದಾಗ ಬೆನ್ನಿನ ಕೂದಲು ನಿಮಿರಿಸಿ ದೊಡ್ಡದಾಗಿ ಕಾಣುತ್ತದೆ. ಓಡಲು ದಾರಿಯೇ ಇಲ್ಲದಿದ್ದರೆ ಕೆಲವೊಮ್ಮೆ ಸತ್ತಂತೆ ಬಿದ್ದುಕೊಳ್ಳುವುದೂ ಉಂಟು.

ಅದರ ಮುಖ್ಯ ಆಹಾರ ಸತ್ತ ಪ್ರಾಣಿ. ಬೇರೆಯವು ತಿಂದು ಬಿಟ್ಟ ಎಲುಬನ್ನೂ ಕಡಿದು ಅರಗಿಸಿಕೊಳ್ಳುತ್ತದೆ. ಅದಕ್ಕೇ ಅದರ ಮಲ ಒಣಗಿದರೆ ಸುಣ್ಣದಂತೆ ಬೆಳ್ಳಗಿರುತ್ತದೆ. ಹಣ್ಣು ಹಂಪಲನ್ನೂ ತಿನ್ನುತ್ತದೆ. ಕುರಿಮರಿ, ಆಡಿನ ಮರಿ ಮುಟ್ಟುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಸಿಕ್ಕರೆ ಒಯ್ಯುತ್ತದೆ. ಆದರೆ ನಾಲ್ಕಾರು ಕುರಿಗಳನ್ನು ಸಿಕ್ಕಸಿಕ್ಕಲ್ಲಿ ಕಚ್ಚಿ, ತಿನ್ನದೇ ಬಿಟ್ಟು ಹೋಗಿದ್ದರೆ ಮೊದಲು ನಾಯಿ ಹಿಂಡಿನ ಮೇಲೆ ಅನುಮಾನ ಪಡಿ.

ಹೆಜ್ಜೆಯನ್ನೂ ನೋಡಿ. ಕಿರುಬದ ಮುಂಗಾಲಿನ ಗುರುತು ಹಿಂಗಾಲಿಗಿಂತ ಎದ್ದು ಕಾಣುವಷ್ಟು ದೊಡ್ಡದು. ನಾಯಿಯಲ್ಲಿ ಅಷ್ಟು ವ್ಯತ್ಯಾಸ ಇರುವುದಿಲ್ಲ. ಚಿರತೆ ಹೆಜ್ಜೆಯಲ್ಲಿ ಸಾಮಾನ್ಯವಾಗಿ ಉಗುರು ಮೂಡುವುದಿಲ್ಲ, ಕಿರುಬದ್ದರಲ್ಲಿ ಮೂಡುತ್ತದೆ.

ಇನ್ನೊಂದು ಸಂಗತಿ. ಸತ್ತ ದನ ತಿನ್ನುತ್ತಿದ್ದ ರಣಹದ್ದುಗಳು ಈಗ ಎಲ್ಲಿವೆ? ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯೇ ಅವನ್ನು ಕೊಂದಿತು. 2006ರಲ್ಲಿ ಸರ್ಕಾರ ಜಾನುವಾರುಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸುವ ಹೊತ್ತಿಗೆ ಬಹುಪಾಲು ಹದ್ದು ಮುಗಿದಿದ್ದವು. ಊರ ಹೊರಗೆ ಎಸೆದ ದನ ಈಗ ನಾಯಿ ಪಾಲು. ತಿಂದು ಬೆಳೆದ ಅದೇ ನಾಯಿಗಳು ನಾಳೆ ಹಟ್ಟಿಗೆ ಬರುತ್ತವೆ, ಶಾಲೆಗೆ ಹೋಗುವ ಮಕ್ಕಳ ಬೆನ್ನು ಹತ್ತುತ್ತವೆ. ಈ ಹೊಲಸು ತೆಗೆಯಲು ಉಳಿದ ಕೆಲವೇ ಪ್ರಾಣಿಗಳಲ್ಲಿ ಕಿರುಬವೂ ಒಂದು. ಅದನ್ನೂ ಕೊಂದರೆ ಲಾಭ ನಾಯಿಗಳಿಗೇ.

ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಆದರೆ ಕಿರುಬಕ್ಕೆ ಗಡಿ ಗೊತ್ತಿಲ್ಲ, ರಾತ್ರಿ ನಮ್ಮ ಹೊಲದಲ್ಲೇ ಓಡಾಡುತ್ತದೆ. ಉರುಳು ಹಂದಿಗೆ ಹಾಕಿದ್ದು ಎಂದರೂ ಕಿರುಬ ಬಿದ್ದರೆ ಅದು ಅಪರಾಧವೇ.

ಹಾಗಾಗಿ ನನ್ನ ಬೇಡಿಕೆ ಮೂರು. ಒಂದು, ನಾಯಿ ಕೊಂದ ಕುರಿಗೂ ಸರ್ಕಾರ ಅಷ್ಟೇ ಸಲೀಸಾಗಿ ಪರಿಹಾರ ಕೊಡಲಿ. ಆಗ ಯಾರೂ ಸುಳ್ಳು ಹೇಳಬೇಕಾಗಿಲ್ಲ. ಎರಡು, ಸತ್ತ ದನ ಹೂಳಲು ಪಂಚಾಯಿತಿ ಜಾಗ ಗುರುತಿಸಲಿ, ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಲಿ. ಮೂರು, ಕುರಿ ಸತ್ತಾಗ ನೀವು ಅದನ್ನು ಎತ್ತಬೇಡಿ. ಹೆಜ್ಜೆ ತುಳಿಯದೆ ಫೋಟೊ ತೆಗೆದು ಗಾರ್ಡ್‌ಗೂ ಪಶುವೈದ್ಯರಿಗೂ ಫೋನ್ ಮಾಡಿ.

ಆಮೇಲೆ ನನಗೂ ಮಾಡಿ. ಈ ಸಲ ನಾನು ಬಂದು ನೋಡಿಯೇ ಬರೆಯುತ್ತೇನೆ.