ಗೃಹಸ್ಥರ ಮೋಟಾರು: ಎಂಜಿನ್ನಿನ ಉಸಿರೂ ಎಣ್ಣೆಯ ಸೋರಿಕೆಯೂ



ಹಳೆಯ ಮೋಟಾರು ಗಾಡಿಯನ್ನಿಟ್ಟುಕೊಂಡಿರುವ ಗೃಹಸ್ಥರು ಬೆಳಗ್ಗೆ ಎದ್ದು ಮೊದಲು ನೋಡುವುದು ಗಾಡಿಯನ್ನಲ್ಲ, ಅದರ ಕೆಳಗಿನ ನೆಲವನ್ನು. ಅಲ್ಲಿ ಕರಿಯ ಹನಿಗಳು ಬಿದ್ದಿದ್ದರೆ ಮನಸ್ಸಿಗೆ ಕಳವಳವಾಗುವುದು ಸಹಜ. ಎಣ್ಣೆ ಸೋರಿದೆ, ಆದುದರಿಂದ ಸೀಲು ಕೆಟ್ಟಿದೆ, ಆದುದರಿಂದ ಎಂಜಿನ್ನನ್ನು ಇಳಿಸಲೇಬೇಕು ಎಂದು ನಾವು ನಿರ್ಣಯಿಸಿಬಿಡುತ್ತೇವೆ. ತರ್ಕಶಾಸ್ತ್ರವನ್ನು ಓದಿದವರು ಇದನ್ನು ಹೇತ್ವಾಭಾಸವೆನ್ನುವರು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ಸರಿ; ಎಣ್ಣೆ ಸೋರಿದಲ್ಲೆಲ್ಲ ಸೀಲು ಕೆಟ್ಟಿದೆಯೆಂಬುದು ಸರಿಯಲ್ಲ. ಮಕ್ಕಳಿಗೆ ಮೂವತ್ತು ವರ್ಷ ಸಂಸ್ಕೃತವನ್ನು ಬೋಧಿಸಿದ ನಾನೇ ಈ ತಪ್ಪನ್ನು ಮಾಡಿದೆನು. ಆ ವೃತ್ತಾಂತವನ್ನು ಹೇಳುವುದಕ್ಕೆ ಮೊದಲು, ಎಂಜಿನ್ನಿನೊಳಗೆ ನಡೆಯುವುದೇನೆಂಬುದನ್ನು ಸ್ವಲ್ಪ ವಿವರಿಸುತ್ತೇನೆ.

ಎಂಜಿನ್ನಿನ ಕೆಳಭಾಗದಲ್ಲಿ ಕ್ರ್ಯಾಂಕ್ ದಂಡವು ತಿರುಗುತ್ತಿರುವ ಒಂದು ಕೋಷ್ಠವುಂಟು. ಇದಕ್ಕೆ ಕ್ರ್ಯಾಂಕ್‌ಕೇಸ್ ಎಂದು ಹೆಸರು. ಎಣ್ಣೆಯು ಇದರ ತಳದ ತೊಟ್ಟಿಯಲ್ಲಿರುತ್ತದೆ. ಮೇಲೆ ಸಿಲಿಂಡರಿನಲ್ಲಿ ಪೆಟ್ರೋಲು ಉರಿದು ಪಿಸ್ಟನ್ನನ್ನು ಕೆಳಕ್ಕೆ ದೂಡುವಾಗ, ಆ ಅನಿಲದಲ್ಲಿ ಅಲ್ಪಭಾಗವು ಪಿಸ್ಟನ್ನಿನ ರಿಂಗುಗಳ ಸಂದಿನಿಂದ ನುಸುಳಿ ಈ ಕೋಷ್ಠಕ್ಕೆ ಇಳಿಯುತ್ತದೆ. ಹೊಸ ಎಂಜಿನ್ನಿನಲ್ಲಿಯೂ ಇದು ತಪ್ಪಿದ್ದಲ್ಲ; ಸವೆದುದರಲ್ಲಿ ಹೆಚ್ಚು. ಇದರೊಡನೆ ನೀರಿನ ಆವಿಯೂ ಬರುತ್ತದೆ. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರು ನೀರು ಆವಿಯಾಗಿ ಹುಟ್ಟುತ್ತದೆಂದರೆ ಅನೇಕರಿಗೆ ಆಶ್ಚರ್ಯವಾದೀತು. ಅದರ ಬಹುಭಾಗವು ಸೈಲೆನ್ಸರಿನ ಮೂಲಕ ಹೋದರೂ ಸ್ವಲ್ಪ ಕೆಳಗಿಳಿಯುತ್ತದೆ.

ಇಳಿದ ವಾಯುವಿಗೆ ಹೊರಹೋಗುವ ದಾರಿ ಬೇಕು. ಅಡಿಗೆಮನೆಯ ಕುಕ್ಕರಿನಲ್ಲಿ ಆವಿಯ ತೂತು ಕಟ್ಟಿಕೊಂಡರೆ ಏನಾಗುವುದೆಂಬುದು ಗೃಹಿಣಿಯರಿಗೆ ಚೆನ್ನಾಗಿ ತಿಳಿದ ಸಂಗತಿ. ಎಂಜಿನ್ನಿನಲ್ಲಿಯೂ ಹಾಗೆಯೇ, ಒತ್ತಡವು ಬೆಳೆದು, ಎಲ್ಲಿ ಪ್ರತಿರೋಧ ಕಡಿಮೆಯೋ ಅಲ್ಲಿಂದ ಎಣ್ಣೆಯನ್ನು ಹೊರನೂಕುತ್ತದೆ. ಸೀಲು ಹೊಸದಾಗಿದ್ದರೂ ಸೋರುತ್ತದೆ.

ಹಿಂದಿನ ಗಾಡಿಗಳಲ್ಲಿ ಈ ದಾರಿಯೆಂದರೆ ನೆಲದ ಕಡೆಗೆ ಬಾಗಿದ ಬರಿಯ ಕೊಳವೆ. ಗಾಡಿಯು ಓಡುವಾಗ ಕೊಳವೆಯ ಬಾಯಿಯಲ್ಲಿ ಬೀಸುವ ಗಾಳಿಯು ಒಳಗಿನ ಹೊಗೆಯನ್ನು ಸೆಳೆಯುವುದು. ಗಾಡಿ ನಿಂತರೆ ಸೆಳೆತವೂ ನಿಲ್ಲುವುದು. ಈ ಹೊಗೆಯಿಂದ ಪಟ್ಟಣಗಳ ಗಾಳಿ ಕೆಡುತ್ತದೆಂದು ತಿಳಿದ ಮೇಲೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಗೂ, 1963ರ ಮಾದರಿಗಳಿಂದ ಆ ದೇಶದಲ್ಲೆಲ್ಲ ಹೊಸ ಕಾರುಗಳಿಗೂ, ಹೊಗೆಯನ್ನು ಎಂಜಿನ್ನಿಗೇ ಮರಳಿ ಸೆಳೆದು ಸುಡುವ ಏರ್ಪಾಡನ್ನು ಜೋಡಿಸಿದರು. ಇದರಲ್ಲಿ ಪಿ.ಸಿ.ವಿ. ವಾಲ್ವ್ ಎಂಬ ಒಂದು ಸಣ್ಣ ಕವಾಟವಿರುತ್ತದೆ. ಎಂಜಿನ್ನು ಮಂದವಾಗಿ ತಿರುಗುವಾಗ ಇದು ಬಹುಮಟ್ಟಿಗೆ ಮುಚ್ಚಿಕೊಂಡು ಅಲ್ಪವನ್ನು ಬಿಡುತ್ತದೆ. ಶ್ರಮ ಹೆಚ್ಚಾದಾಗ ತೆರೆದುಕೊಂಡು ಹೆಚ್ಚನ್ನು ಬಿಡುತ್ತದೆ. ಬೆಂಕಿಯು ಹಿಮ್ಮುಖವಾಗಿ ಬಂದರೆ ಪೂರ್ತಿ ಮುಚ್ಚಿಕೊಂಡು ಕೋಷ್ಠವನ್ನು ಕಾಪಾಡುತ್ತದೆ. ಈಗಿನ ಪೆಟ್ರೋಲು ಕಾರುಗಳಲ್ಲಿಯೂ ತತ್ತ್ವ ಇದೇ.

ಇನ್ನು ನನ್ನ ಕಥೆ. ನಮ್ಮ ತೀರ್ಥರೂಪರು 1972ರಲ್ಲಿ ಕೊಂಡ ಕಾರು ಇಂದಿಗೂ ನಮ್ಮ ಅಂಗಳದಲ್ಲಿದೆ. ಅದಕ್ಕೆ ಉಸಿರಾಡಲು ಎರಡು ದಾರಿಗಳು: ಮೇಲ್ಗಡೆ ಏರ್ ಕ್ಲೀನರಿಗೆ ಹೋಗುವ ರಬ್ಬರ್ ಕೊಳವೆ, ಪಕ್ಕದಲ್ಲಿ ನೆಲಕ್ಕೆ ಬಾಗಿದ ಕಬ್ಬಿಣದ ಕೊಳವೆ. ಒಂದು ಮಳೆಗಾಲದಲ್ಲಿ ಕಬ್ಬಿಣದ ಕೊಳವೆಯ ತುದಿಯಿಂದ ಎಣ್ಣೆ ತೊಟ್ಟಿಕ್ಕಲಾರಂಭಿಸಿತು. "ನಿಮ್ಮ ಗಾಡಿಯೂ ದಿನಾ ರಂಗೋಲಿ ಹಾಕುತ್ತಿದೆ, ಆದರೆ ಕರಿಯ ಬಣ್ಣದಲ್ಲಿ" ಎಂದು ಮನೆಯಾಕೆ ಹೇಳಿದಳು. ನಾನು ಒಂದು ಬೇವಿನ ಕಡ್ಡಿಯನ್ನು ಕೆತ್ತಿ, ಬಟ್ಟೆ ಸುತ್ತಿ, ಆ ಕೊಳವೆಯ ಬಾಯಿಗೆ ಬಿಗಿಯಾಗಿ ಹೊಡೆದುಬಿಟ್ಟೆನು. ತೊಟ್ಟಿಕ್ಕುವುದು ನಿಂತಿತು. ಕಾಲಕ್ರಮದಲ್ಲಿ ಆ ಕಡ್ಡಿಯನ್ನು ಮರೆತೂಬಿಟ್ಟೆನು.

ಎರಡು ತಿಂಗಳಾಗುವುದರೊಳಗೆ ಎಂಜಿನ್ನಿನ ಮುಂಭಾಗದಿಂದ ಎಣ್ಣೆ ಸೋರಿತು. ಊರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ಕಾಗಿರುವವನು ನನ್ನ ಹಳೆಯ ವಿದ್ಯಾರ್ಥಿ. ಅವನು ಮುಂದಿನ ಸೀಲನ್ನು ಬದಲಾಯಿಸಿದನು. ಹದಿನೈದು ದಿನಗಳಲ್ಲಿ ಮತ್ತೆ ಸೋರಿತು. ಈ ಸಲ ಮೇಲಿನ ಮುಚ್ಚಳದ ಅಂಚಿನಿಂದಲೂ ಎಣ್ಣೆ ಇಳಿದು, ಬಿಸಿಯಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದು ಹೊಗೆಯೆದ್ದಿತು. ಪಟ್ಟಣದಲ್ಲಿ ವಿಚಾರಿಸಿದರೆ ಎಂಜಿನ್ನನ್ನೇ ಬಿಚ್ಚಬೇಕೆಂದರು. ಮನೆಯಾಕೆಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ತೆಗೆದಿಟ್ಟಿದ್ದ ಹಣಕ್ಕೆ ಕೈಹಾಕುವ ಯೋಚನೆಯೂ ನನಗೆ ಬಂದಿತೆಂದು ನಾಚಿಕೆಯಿಂದ ಹೇಳುತ್ತೇನೆ. ಆ ಕೋಪದಲ್ಲಿ ಗ್ಯಾರೇಜಿಗೆ ಹೋಗಿ, ನಾಲ್ಕು ಜನರೆದುರಿಗೆ, "ಪಾಠವನ್ನೂ ಕಲಿಯಲಿಲ್ಲ, ಕಸುಬನ್ನೂ ಕಲಿಯಲಿಲ್ಲ" ಎಂದು ಆ ಹುಡುಗನನ್ನು ಗದರಿದೆನು. ಅವನು ತಲೆ ತಗ್ಗಿಸಿ, "ಇನ್ನೊಂದು ಸಲ ನೋಡ್ತೀನಿ, ಮೇಷ್ಟ್ರೇ" ಎಂದನು.

ಅವನು ಎಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆದು, ಗಾಡಿಯ ಕೆಳಗೆ ನುಸುಳಿದನು. ಸ್ವಲ್ಪ ಹೊತ್ತಿನ ಮೇಲೆ ಹೊರಕ್ಕೆ ಬಂದಾಗ ಅವನ ಕೈಯಲ್ಲಿ ನನ್ನ ಬೇವಿನ ಕಡ್ಡಿಯಿತ್ತು. "ಮೇಷ್ಟ್ರೇ, ಇದನ್ನ ಇಲ್ಲಿ ಹೊಡೆದೋರು ಯಾರು?" ಎಂದು ಕೇಳಿದನು. ಮೇಲಿನ ರಬ್ಬರ್ ಕೊಳವೆಯನ್ನು ಬಿಚ್ಚಿದರೆ ಅದರೊಳಗೆ ಮಜ್ಜಿಗೆಯ ಬಣ್ಣದ ಜಿಗುಟು ಗಟ್ಟಿಯಾಗಿ ತುಂಬಿತ್ತು. ದಿನವೂ ಸಂತೆಗೂ ದೇವಸ್ಥಾನಕ್ಕೂ ಒಂದೊಂದು ಮೈಲಿ ಓಡಿಸಿ ನಿಲ್ಲಿಸುತ್ತಿದ್ದುದರಿಂದ ಎಂಜಿನ್ನು ಸರಿಯಾಗಿ ಕಾಯದೆ, ಒಳಗಿನ ನೀರಿನ ಆವಿಯು ಎಣ್ಣೆಯೊಡನೆ ಬೆರೆತು ಹಾಗಾಗಿತ್ತು. ಮೇಲಿನ ದಾರಿಯನ್ನು ನನ್ನ ಅಭ್ಯಾಸವು ಮುಚ್ಚಿತ್ತು. ಕೆಳಗಿನ ದಾರಿಯನ್ನು ನಾನೇ ಮುಚ್ಚಿದ್ದೆನು. ಅವನು ಹಾಕಿದ ಸೀಲಿನಲ್ಲಿ ಯಾವ ದೋಷವೂ ಇರಲಿಲ್ಲ.

ಕೊಳವೆಗಳನ್ನು ತೊಳೆದು, ರಬ್ಬರನ್ನು ಬದಲಾಯಿಸಿದ ಮೇಲೆ ಸೋರಿಕೆ ನಿಂತಿತು. ಖರ್ಚು ಒಂದು ಕೊಳವೆಯ ಬೆಲೆ.

ಇಂತಹ ತೊಂದರೆಯುಳ್ಳ ವಾಚಕರು ಕ್ರಮವಾಗಿ ಮಾಡತಕ್ಕದ್ದನ್ನು ಹೇಳುತ್ತೇನೆ.

ಮೊದಲನೆಯದಾಗಿ, ಸೋರುವ ಸ್ಥಳವನ್ನು ಗೊತ್ತುಮಾಡಬೇಕು. ಎಣ್ಣೆಯು ಕೆಳಕ್ಕೆ ಹರಿಯುತ್ತದೆ. ಓಡುವಾಗ ಗಾಳಿಯು ಅದನ್ನು ಹಿಂದಕ್ಕೂ ಒಯ್ಯುತ್ತದೆ. ಆದುದರಿಂದ ಹನಿ ಬಿದ್ದ ಸ್ಥಳವೇ ಮೂಲವೆಂದು ತಿಳಿಯಕೂಡದು. ತಣ್ಣಗಿರುವ ಎಂಜಿನ್ನನ್ನು ತೊಳೆದು ಒಣಗಿಸಿ, ಸಂದೇಹದ ಸ್ಥಳಗಳಿಗೆ ಮುಖಕ್ಕೆ ಹಚ್ಚುವ ಪೌಡರನ್ನು ಚಿಮುಕಿಸಿ, ಸ್ವಲ್ಪ ದೂರ ಓಡಿಸಿ, ಮೇಲಿನಿಂದ ಕೆಳಕ್ಕೆ ನೋಡುತ್ತಾ ಬರಬೇಕು.

ಎರಡನೆಯದಾಗಿ, ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು, ಎಣ್ಣೆಯ ಮಟ್ಟವನ್ನು ಅಳೆಯಬೇಕು. ಮೇಲಿನ ಗುರುತನ್ನು ದಾಟಿ ಎಣ್ಣೆ ತುಂಬಿದ್ದರೆ ಕ್ರ್ಯಾಂಕ್ ದಂಡವು ಅದನ್ನು ಕಡೆದು ನೊರೆಯೆಬ್ಬಿಸುತ್ತದೆ. ಅದೂ ಸೋರಿಕೆಗೆ ಕಾರಣ.

ಮೂರನೆಯದಾಗಿ, ಉಸಿರಿನ ಕೊಳವೆಗಳನ್ನು ಬಿಚ್ಚಿ ಊದಿ ನೋಡಬೇಕು. ತಂತಿಯ ಜಾಲರಿಯಿದ್ದರೆ ಬೆಂಕಿಯಿಂದ ದೂರದಲ್ಲಿ, ಬಯಲಿನಲ್ಲಿ ತೊಳೆಯಬೇಕು. ಕವಾಟವಿರುವ ಗಾಡಿಯಾದರೆ ಅದನ್ನು ತೆಗೆದು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಟಕಟಕ ಶಬ್ದ ಬಾರದಿದ್ದರೆ ಅದು ಸಿಕ್ಕಿಕೊಂಡಿದೆಯೆಂದು ತಿಳಿಯಿರಿ. ಶಬ್ದ ಬಂದ ಮಾತ್ರಕ್ಕೆ ನಿರ್ದೋಷವೆಂದೂ ಹೇಳಲಾಗದು. ಆದುದರಿಂದ ಕಾದ ಎಂಜಿನ್ನು ಮಂದವಾಗಿ ತಿರುಗುತ್ತಿರುವಾಗ ಎಣ್ಣೆ ಹಾಕುವ ಮುಚ್ಚಳವನ್ನು ತೆಗೆದು, ಬಾಯಿಯ ಮೇಲೆ ತೆಳುವಾದ ಕಾಗದವನ್ನು ಹಿಡಿಯಿರಿ. ಕವಾಟವಿರುವ ಎಂಜಿನ್ನು ಕಾಗದವನ್ನು ಮೆಲ್ಲನೆ ಸೆಳೆದುಕೊಳ್ಳಬೇಕು. ದೂಡಿದರೆ ದಾರಿ ಕಟ್ಟಿದೆಯೆಂದೋ ರಿಂಗು ಸವೆದಿದೆಯೆಂದೋ ಅರ್ಥ. ಬರಿಯ ಕೊಳವೆಯ ಗಾಡಿಗಳಲ್ಲಿ ಸ್ವಲ್ಪ ಉಸಿರು ಹೊರಬರುವುದು ದೋಷವಲ್ಲ. ದಟ್ಟವಾದ ಹೊಗೆಯು ರಭಸದಿಂದ ಬಂದರೆ ದೋಷ. ಮುಚ್ಚಳ ತೆಗೆದಾಗ ಕೆಲವು ಎಂಜಿನ್ನುಗಳಲ್ಲಿ ಬಿಸಿ ಎಣ್ಣೆ ಸಿಡಿಯುವುದುಂಟು. ಪಂಚೆಯ ಅಂಚಾಗಲಿ ಸೀರೆಯ ಸೆರಗಾಗಲಿ ಫ್ಯಾನಿನ ಬಳಿಗೆ ಹೋಗದಂತೆಯೂ ಎಚ್ಚರದಿಂದಿರಬೇಕು.

ದಾರಿಗಳೆಲ್ಲ ಶುದ್ಧವಾದ ಮೇಲೂ ಒತ್ತಡವು ನಿಲ್ಲದಿದ್ದರೆ, ಮೆಕ್ಯಾನಿಕ್ಕಿನಿಂದ ಸಿಲಿಂಡರುಗಳ ಕಂಪ್ರೆಷನ್ ಅಳೆಯಿಸಬೇಕು. ಅಳತೆ ಕಡಿಮೆಯಿದ್ದ ಸಿಲಿಂಡರಿಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆದಾಗ ಏರಿದರೆ, ರಿಂಗು ಸವೆದಿದೆಯೆಂದು ತಿಳಿಯತಕ್ಕದ್ದು. ಆಗ ಎಂಜಿನ್ನನ್ನು ಬಿಚ್ಚುವುದು ನ್ಯಾಯವೇ. ಮುಚ್ಚಳದಡಿಯಲ್ಲಿ ಬಿಳಿಯ ಜಿಗುಟಿದ್ದು, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಅದು ಬೇರೆಯ ರೋಗ; ಕೂಡಲೆ ತೋರಿಸಬೇಕು. ನೀರು ಕಡಿಮೆಯಾಗದಿದ್ದರೆ, ವಾರಕ್ಕೊಮ್ಮೆ ಅರ್ಧ ಗಂಟೆ ಗಾಡಿಯನ್ನು ದೂರ ಓಡಿಸುವುದೇ ಬಹುಮಟ್ಟಿಗೆ ಔಷಧ.

ಮರುದಿನ ನಾನು ಅದೇ ಗ್ಯಾರೇಜಿಗೆ ಹೋಗಿ, ಸಾಧ್ಯವಾದಷ್ಟು ಅದೇ ಜನರಿರುವ ಹೊತ್ತಿನಲ್ಲಿ, "ತಪ್ಪು ನನ್ನದು, ನಿನ್ನ ಕೆಲಸ ಸರಿಯಾಗಿತ್ತು" ಎಂದು ಹೇಳಿದೆನು. ಹುಡುಗನು ಸಂಕೋಚದಿಂದ, "ಇರಲಿ ಬಿಡಿ, ಮೇಷ್ಟ್ರೇ" ಎಂದು ಕೈಯನ್ನು ಬಟ್ಟೆಗೆ ಒರೆಸಿಕೊಂಡನು. ಮನೆಯಾಕೆಯ ಶಸ್ತ್ರಚಿಕಿತ್ಸೆಯು ಗೊತ್ತಾದ ದಿನವೇ ನಡೆಯಿತು. ಅದೇ ಗಾಡಿಯಲ್ಲಿ ಅವಳನ್ನು ಕರೆದುಕೊಂಡು ಬಂದೆನು. ಕೊಳವೆಯಿಂದ ಈಗಲೂ ತಿಂಗಳಿಗೆ ಒಂದೆರಡು ಹನಿ ಬೀಳುತ್ತದೆ. ಅದರ ಕೆಳಗೆ ಒಂದು ಹಳೆಯ ತಟ್ಟೆಯನ್ನಿಟ್ಟಿದ್ದೇನೆ.